ನಾಮದಕೋಳಿಗೆ ಕನ್ನಡ ಬರುತ್ತದೆ, ನಿಮಗೆ?

ನವೆಂಬರ್ ಬಂತೆಂದರೆ ನಮ್ಮ ಹುಡುಗರ ಕೈಗೆ ಬಾವುಟ ಬರುತ್ತದೆ, ಕೊರಳಿಗೆ ಕೆಂಪು ಹಳದಿ ಶಾಲು ಬರುತ್ತದೆ, ಬೈಕಿಗೆ ಸೈಲೆನ್ಸರ್ ಇಲ್ಲದ ಸದ್ದು ಬರುತ್ತದೆ. ಬರಲಿ, ಬೇಡ ಎನ್ನುವವನು ನಾನಲ್ಲ. ಆದರೆ ಅದೇ ಹುಡುಗರನ್ನು ಒಂದು ಕೆರೆಯ ದಂಡೆಗೆ ಕರೆದುಕೊಂಡು ಹೋಗಿ. ನೀರಿನಲ್ಲಿ ತೇಲುತ್ತಿರುವ ಕಪ್ಪು ಹಕ್ಕಿಯೊಂದನ್ನು, ಹಣೆಗೆ ಬೆಳ್ಳಗೆ ನಾಮ ಎಳೆದುಕೊಂಡಿರುವ ಹಕ್ಕಿಯನ್ನು ತೋರಿಸಿ, ‘ಇದರ ಹೆಸರೇನಪ್ಪಾ?’ ಎಂದು ಕೇಳಿ. ಒಬ್ಬ ‘ಬಾತುಕೋಳಿ’ ಎನ್ನುತ್ತಾನೆ. ಸ್ವಲ್ಪ ಓದಿಕೊಂಡ ಇನ್ನೊಬ್ಬ ‘ಕೂಟ್’ ಎನ್ನುತ್ತಾನೆ. ಅದು ನಾಮದಕೋಳಿ. ಹಣೆಯ ಮೇಲೆ ವಿಳಾಸವನ್ನೇ ಬರೆದುಕೊಂಡು ಓಡಾಡುವ ಹಕ್ಕಿಯ ಹೆಸರು ಕನ್ನಡದ ಹುಡುಗನಿಗೆ ಗೊತ್ತಿಲ್ಲ.

ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇಕಡಾ 60 ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದೆವು. ಒಳ್ಳೆಯದೇ ಆಯಿತು. ಕಾಡಿಗೆ ಬೋರ್ಡಿಲ್ಲ, ಕೆರೆಗೆ ಬೋರ್ಡಿಲ್ಲ. ಅಲ್ಲಿ ಶೇಕಡಾ ಎಷ್ಟು ಕನ್ನಡ ಉಳಿದಿದೆ ಎಂದು ಅಳೆದವರು ಯಾರು?

ನಾನು ಹೇಳಲು ಹೊರಟಿರುವುದು ಸರಳ. ನಮ್ಮ ರಾಜ್ಯದಲ್ಲಿ ಹಕ್ಕಿ ನೋಡುವವರ, ಪ್ರಾಣಿಗಳ ಬೆನ್ನು ಹತ್ತುವವರ, ಕಾಡಿನ ಗೆಳೆಯರ ಬಳಗಗಳು ಊರೂರಿಗೆ ಇವೆ. ಕನ್ನಡದ ಕೆಲಸ ಮಾಡುವ ಹುಡುಗ ಹುಡುಗಿಯರು ಆ ಬಳಗಗಳಿಗೆ ಸೇರಬೇಕು. ಮನರಂಜನೆಗೆಂದು ಸೇರಿದರೂ ಸರಿ. ಆದರೆ ಅದು ಬರೀ ಮನರಂಜನೆಯಲ್ಲ, ಕನ್ನಡದ ಕೆಲಸವೂ ಹೌದು. ಯಾಕೆ ಎನ್ನುವುದಕ್ಕೆ ನಿಮ್ಮನ್ನು ಮರಿಯಮ್ಮನಹಳ್ಳಿಗೆ ಕರೆದುಕೊಂಡು ಹೋಗಬೇಕು.

ಹೊಸಪೇಟೆಯಿಂದ ಚಿತ್ರದುರ್ಗದ ಹೆದ್ದಾರಿ ಹಿಡಿದರೆ ಸಿಗುವ ಊರು ಮರಿಯಮ್ಮನಹಳ್ಳಿ. ಬೆಂಗಳೂರಿನ ಗೆಳೆಯರಿಗೆ ಹೇಗೆ ಗುರುತು ಹೇಳಲಿ? ಜೋಗತಿ ನೃತ್ಯಕ್ಕೆ ಪದ್ಮಶ್ರೀ ತಂದ, ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಮಂಜಮ್ಮ ಜೋಗತಿಯವರ ಊರು. ನಾಟಕದ ಊರು; ಹೆಣ್ಣುಮಕ್ಕಳು ಬಣ್ಣ ಹಚ್ಚಿ ಸಂಸಾರ ಸಾಕಿದ ಊರು. ಅಣೆಕಟ್ಟಿನ ನೀರು ಏರಿದಾಗ ನಾರಾಯಣದೇವರಕೆರೆ ಎಂಬ ಊರು ಮುಳುಗಿ, ಅಲ್ಲಿಯ ಜನ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು. ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಸೀಮೆ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿತು. ಅದರ ಹಿಂದಿನ ರಾತ್ರಿ, ಸಂಭ್ರಮದ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದರು. ಈ ನೆಲ ಕನ್ನಡಕ್ಕೆ ಪುಕ್ಕಟೆ ಬಂದದ್ದಲ್ಲ ಎನ್ನುವುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಊರು ಮುಳುಗಿಸಿದ ಆ ಹಿನ್ನೀರೇ ಈಗ ಹಕ್ಕಿಗಳ ಮನೆ. ಮರಿಯಮ್ಮನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯ ಕಡೆ ಹೋದರೆ ಅಂಕಸಮುದ್ರ ಎಂಬ ಹಳ್ಳಿ. ಅಲ್ಲೊಂದು ಹಳೆಯ ಕೆರೆ, ನೂರಾರು ವರ್ಷಗಳ ಹಿಂದೆ ಬೇಸಾಯಕ್ಕೆಂದು ಕಟ್ಟಿಸಿದ್ದು, ಸುಮಾರು 244 ಎಕರೆ. ಕೆರೆಯೊಳಗೆ ಜಾಲಿ ಮರಗಳು. ಆ ಮುಳ್ಳುಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲು, ಬಾಯ್ಕಳಕ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಎಲ್ಲವೂ ಒಟ್ಟಿಗೆ ಸಂಸಾರ ಹೂಡುತ್ತವೆ. ಗೂಡಿನ ಮೇಲೆ ಗೂಡು, ಬೆಂಗಳೂರಿನ ಬಾಡಿಗೆ ಮನೆಗಳ ಹಾಗೆ. 2017ರಲ್ಲಿ ರಾಜ್ಯ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2024ರ ಜನವರಿ ಕೊನೆಗೆ, ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಇದು ಸೇರಿದ ಸುದ್ದಿ ಬಂತು. ಜೊತೆಗೆ ಗದಗಿನ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ. ಸರ್ಕಾರವೇ ಕೊಟ್ಟ ಲೆಕ್ಕದಂತೆ ಅಂಕಸಮುದ್ರದಲ್ಲಿ 240 ಜಾತಿಯ ಹಕ್ಕಿ, 41 ಜಾತಿಯ ಮೀನು. ಗೂಡು ಕಟ್ಟುವ, ರಾತ್ರಿ ತಂಗುವ ನೀರಹಕ್ಕಿಗಳೇ 30,000ಕ್ಕೂ ಹೆಚ್ಚು.

ಪಕ್ಕಕ್ಕೆ ತಿರುಗಿದರೆ ದರೋಜಿ. 1994ರಲ್ಲಿ ಕರಡಿಗೆಂದೇ ಮಾಡಿದ ಧಾಮ. ಕಿಷ್ಕಿಂಧೆಯ ಸೀಮೆಯಲ್ಲಿ ಜಾಂಬವಂತನ ಮೊಮ್ಮಕ್ಕಳಿಗೂ ಒಂದು ಜಾಗ ಬೇಡವೇ? ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಸವರುತ್ತಾರೆ, ಬಿಸಿಲಿಳಿದಂತೆ ಕರಡಿಗಳು ಗುಡ್ಡದಿಂದ ಇಳಿಯುತ್ತವೆ. ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಅದು ಹುತ್ತದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಅತ್ತ ಹಂಪಿಯ ಹೊಳೆಗೆ ಬನ್ನಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರು 2015ರಿಂದ ನೀರುನಾಯಿಗಳ ಮೀಸಲು. ಬಂಡೆಯ ಮೇಲೆ ಮೈ ಒಣಗಿಸುತ್ತ ಕೂತ ನೀರುನಾಯಿಯ ಸಂಸಾರ ನೋಡಲು ಹರಿಗೋಲಿನವರನ್ನು ಕೇಳಿ, ಎಲ್ಲಿ ಯಾವ ಹೊತ್ತಿಗೆ ಎಂದು ಗಡಿಯಾರದ ಹಾಗೆ ಹೇಳುತ್ತಾರೆ. ಸಿರುಗುಪ್ಪದ ಕಡೆಯ ಎರೆಹೊಲಗಳಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿ. ಕೆಲವರು ಎರ್ಲಡ್ಡು ಎನ್ನುತ್ತಾರೆ. ಇಡೀ ದೇಶದಲ್ಲೇ ಅಳಿವಿನ ಅಂಚಿಗೆ ಬಂದ ಹಕ್ಕಿ, ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು. ಒಂದು ಜಿಲ್ಲೆಯ ಸುತ್ತಳತೆಯಲ್ಲಿ ಇಷ್ಟೆಲ್ಲ ಇರುವ ಜಾಗ ಎಷ್ಟಿವೆ ಹೇಳಿ!

ಇದನ್ನೆಲ್ಲ ನೋಡಲು ಯಾರು ಬರುತ್ತಾರೆ? ಬೆಂಗಳೂರಿನಿಂದ, ಹೈದರಾಬಾದಿನಿಂದ, ಪುಣೆಯಿಂದ ಬರುತ್ತಾರೆ. ದೊಡ್ಡ ಕ್ಯಾಮೆರಾ, ಮೊಳದುದ್ದದ ಲೆನ್ಸು, ಹಸಿರು ಟೋಪಿ. ನಮ್ಮ ಹುಡುಗರು ಅವರನ್ನು ಕಂಡು ‘ದುಡ್ಡಿದ್ದವರ ಶೋಕಿ’ ಎಂದು ಮೂಗು ಮುರಿದು ಸುಮ್ಮನಾಗುತ್ತಾರೆ. ಇಲ್ಲೇ ನನಗೆ ತಕರಾರು. ಕ್ಯಾಮೆರಾ ಹೊತ್ತವರಲ್ಲಿ ಶೋಕಿಯವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಫೋಟೋಕ್ಕಾಗಿ ಗೂಡಿನ ಟೊಂಗೆ ಕತ್ತರಿಸುವ ಪುಣ್ಯಾತ್ಮರೂ ಇದ್ದಾರೆ. ಆದರೆ ಬಳಗಗಳ ಜೀವ ಅವರಲ್ಲ. ಹೋಗಿ ನೋಡಿದರೆ ಅಲ್ಲಿ ಸಿಗುವವರು ಮೇಷ್ಟ್ರು, ಬ್ಯಾಂಕಿನ ಗುಮಾಸ್ತ, ನಿವೃತ್ತ ಎಂಜಿನಿಯರು, ಪಿಯುಸಿ ಓದುವ ಹುಡುಗಿ, ಜೆರಾಕ್ಸ್ ಅಂಗಡಿಯವನು. ಹೊಸಪೇಟೆ, ಬಳ್ಳಾರಿಯಲ್ಲಿ ಕರಡಿಯ ಪರವಾಗಿ, ನೀರುನಾಯಿಯ ಪರವಾಗಿ, ಎರೆಭೂತದ ಪರವಾಗಿ ವರ್ಷಗಟ್ಟಲೆ ಅರ್ಜಿ ಬರೆದವರು ಇಂಥ ಸಾಮಾನ್ಯರೇ. ಹೊಸಪೇಟೆಯ ಸಮದ್ ಕೊಟ್ಟೂರು ಅವರದು ಮೇಷ್ಟ್ರ ಕೆಲಸ. ಸಂಬಳ ಪಾಠಕ್ಕೆ, ಭಾನುವಾರ ಕರಡಿಗೆ.

ಮತ್ತೆ ಇವರಷ್ಟು ಸ್ನೇಹದ ಜನ ನಿಮಗೆ ಬೇರೆ ಕಡೆ ಸಿಗುವುದು ಕಷ್ಟ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಸೇರುವ ಪದ್ಧತಿ ದಶಕಗಳಷ್ಟು ಹಳೆಯದು. ಅಲ್ಲಿ ಜಾತಿ ಕೇಳುವವರಿಲ್ಲ, ಪಕ್ಷ ಕೇಳುವವರಿಲ್ಲ, ನಿಮ್ಮ ಅಂಕಪಟ್ಟಿ ಕೇಳುವವರಿಲ್ಲ. ಬೆಳಿಗ್ಗೆ ಆರೂವರೆಗೆ ಹೋಗಿ ನಿಂತರೆ ಸಾಕು, ಅಪರಿಚಿತರೊಬ್ಬರು ತಮ್ಮ ಕೊರಳಿನ ದುರ್ಬೀನು ತೆಗೆದು ನಿಮ್ಮ ಕೈಗಿಡುತ್ತಾರೆ: ‘ಅಲ್ಲಿ, ಎಡಗಡೆ ಟೊಂಗೆ, ಎಲೆ ಅಲ್ಲಾಡುತ್ತಿದೆಯಲ್ಲ, ಅಲ್ಲಿ.’ ಹೊಸಬ ಮೂರು ಸಲ ತಪ್ಪು ಹೇಳಿದರೂ ನಗುವುದಿಲ್ಲ. ಅನುಭವಿಗಳು ತಮಗೆ ಗೊತ್ತಿದ್ದದ್ದನ್ನು ಬಚ್ಚಿಡುವುದಿಲ್ಲ. ನಮ್ಮ ಸಂಘಟನೆಗಳಲ್ಲಿ ಅಧ್ಯಕ್ಷರ ಕುರ್ಚಿಗೆ ನಡೆಯುವ ಕುಸ್ತಿ ನೋಡಿದವರಿಗೆ ಇದು ಬೇರೆ ಲೋಕ ಎನಿಸುತ್ತದೆ.

ಇಷ್ಟು ಒಳ್ಳೆಯ ಜನರ ಮಾತು ಮಾತ್ರ ಇಂಗ್ಲಿಷು! ಕನ್ನಡದ ಮೇಲಿನ ದ್ವೇಷದಿಂದಲ್ಲ, ಅಭ್ಯಾಸದಿಂದ. ಕೈಪಿಡಿ ಇಂಗ್ಲಿಷಿನದು, ಹಕ್ಕಿಪಟ್ಟಿ ಇಂಗ್ಲಿಷಿನದು, ಕಲಿಸಿದ ಗುರುಗಳೂ ಇಂಗ್ಲಿಷಿನಲ್ಲಿ ಕಲಿತವರು. ಬೇರೂ ಅಲ್ಲೇ ಇದೆ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿ ಇಂಗ್ಲಿಷಿನಲ್ಲಿ ವರದಿ ಬರೆದರು; ಆಗ ಹೊಸಪೇಟೆ ಮದ್ರಾಸಿನಲ್ಲಿತ್ತು, ಸಂಡೂರು ತಾನೇ ಒಂದು ಪುಟ್ಟ ಸಂಸ್ಥಾನ, ನಮ್ಮ ಹಕ್ಕಿಗಳು ಆ ಲೆಕ್ಕಕ್ಕೂ ಬರಲಿಲ್ಲ. ಇರಲಿ. ಅವರು ಕನ್ನಡದಲ್ಲಿ ಬರೆಯಲಿಲ್ಲ ಎಂದು ದೂರುವುದು ಹುಚ್ಚುತನ. ಕನ್ನಡದಲ್ಲಿ ಬರೆಯಬೇಕಾದವರು ನಾವು.

ಬರೆದವರೂ ಇದ್ದಾರೆ. ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ ಬರೆದು ಗಿಡಮರಗಳನ್ನು ಕಾದಂಬರಿಯ ಹಾಗೆ ಓದಿಸಿದರು. ಕಾರಂತರು ಒಬ್ಬರೇ ಕೂತು ಮಕ್ಕಳಿಗೆ, ದೊಡ್ಡವರಿಗೆ ವಿಜ್ಞಾನದ ಸಂಪುಟಗಳನ್ನು ಕಟ್ಟಿಕೊಟ್ಟರು. ಪೂರ್ಣಚಂದ್ರ ತೇಜಸ್ವಿ ‘ಕನ್ನಡ ನಾಡಿನ ಹಕ್ಕಿಗಳು’ ಬರೆದರು. ಕ್ಯಾಮೆರಾ ಹಿಡಿದು ಮೂಡಿಗೆರೆಯ ಪೊದೆಗಳಲ್ಲಿ ದಿನಗಟ್ಟಲೆ ಕಾದರು. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಅವರ ಚಿತ್ರವಿರುವ ಟೀಶರ್ಟು ಹಾಕಿಕೊಂಡ ಹುಡುಗರನ್ನು ಗಾಂಧಿಬಜಾರಿನಲ್ಲಿ ದಿನವೂ ನೋಡುತ್ತೇವೆ. ಟೀಶರ್ಟಿನ ಒಳಗಿರುವವನಿಗೆ ಎಷ್ಟು ಹಕ್ಕಿ ಗೊತ್ತು?

ಹೆಸರಿನ ವಿಷಯಕ್ಕೆ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣ, ಇದು ಸಣ್ಣದಲ್ಲ. ಗುಳುಮುಳುಕ ಎಂಬ ಪುಟ್ಟ ಹಕ್ಕಿ ಇದೆ. ನೀವು ನೋಡುತ್ತಿದ್ದ ಹಾಗೆ ಗುಳುಕ್ಕೆಂದು ಮುಳುಗಿ ಇನ್ನೆಲ್ಲೋ ಏಳುತ್ತದೆ. ಆ ಹೆಸರು ಕೇಳಿದವನಿಗೆ ಹಕ್ಕಿಯನ್ನು ಗುರುತಿಸಲು ಪುಸ್ತಕವೇ ಬೇಡ. ಹಾವಕ್ಕಿ: ಮೈಯೆಲ್ಲ ನೀರಿನಲ್ಲಿ, ಕತ್ತು ಮಾತ್ರ ಮೇಲೆ, ಥೇಟು ಹಾವು ಈಜಿದ ಹಾಗೆ. ಬಾಯ್ಕಳಕ: ಕೊಕ್ಕು ಮುಚ್ಚಿದರೂ ನಡುವೆ ಸಂದಿ ಬಿಟ್ಟಿರುವ ಕೊಕ್ಕರೆ, ಶಂಖದ ಹುಳ ಹಿಡಿಯಲು. ತಾವರೆ ಎಲೆಯ ಮೇಲೆ ಮುಳುಗದೆ ನಡೆಯುವ ಹಕ್ಕಿಯನ್ನು ಕಂಡ ನಮ್ಮ ಹಿರಿಯರು ಇದು ದೇವರದೇ ಇರಬೇಕೆಂದುಕೊಂಡರೋ ಏನೋ, ದೇವನಕ್ಕಿ ಎಂದರು. ಕಾಡುಪಾಪ ಎಂಬ ಹೆಸರಿನಲ್ಲಿ ಎಷ್ಟು ಮಮತೆ ಇದೆ ನೋಡಿ. ರಾತ್ರಿ ದೊಡ್ಡ ಕಣ್ಣು ಬಿಟ್ಟು ಕೂರುವ ಆ ಬಡಪಾಯಿಗೆ ಇಂಗ್ಲಿಷಿನವರು ಕೊಟ್ಟದ್ದು ಲೋರಿಸ್ ಎಂಬ ಹೆಸರು. ಕೆಲವು ಹೆಸರು ಪುಸ್ತಕದಲ್ಲಿವೆ. ಹಲವು ಇನ್ನೂ ಕುರಿಗಾಹಿಯ ಬಾಯಲ್ಲಿ, ಮೀನುಗಾರನ ಬಾಯಲ್ಲಿ ಮಾತ್ರ ಇವೆ. ಕಂಪ್ಲಿಯಲ್ಲೊಂದು, ಕೂಡ್ಲಿಗಿಯಲ್ಲೊಂದು. ಅವರ ಮಕ್ಕಳು ಕುರಿ ಬಿಟ್ಟು ಬೆಂಗಳೂರಿಗೆ ಬಂದು ಸೆಕ್ಯೂರಿಟಿ ಕೆಲಸಕ್ಕೆ ನಿಂತಾಯಿತು. ಇನ್ನು 20 ವರ್ಷ ಬಿಟ್ಟು ಕೇಳಲು ಹೋದರೆ ಹೇಳುವವರು ಯಾರು?

ಈಗ ಒಂದು ಚಿತ್ರ ಕಲ್ಪಿಸಿಕೊಳ್ಳಿ. ಕೆರೆಯ ದಂಡೆಯಲ್ಲಿ ಹತ್ತು ಜನ ಹಕ್ಕಿ ನೋಡುತ್ತ ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದಾರೆ. ಪಕ್ಕದಲ್ಲಿ ಎಮ್ಮೆ ಮೇಯಿಸುವ ಯಜಮಾನ ನಿಂತಿದ್ದಾನೆ. ಆ ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ವರ್ಷ ಬರಲಿಲ್ಲ, ಕೆರೆ ಒಣಗಿದಾಗ ಎಲ್ಲಿಗೆ ಹೋಯಿತು ಎಲ್ಲವೂ ಅವನಿಗೆ ಗೊತ್ತು. ಅವನನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಇವರ ನಡುವೆ ಇರುವ ಗೋಡೆ ಮಾತಿನದು. ಅದನ್ನು ಒಡೆಯಲು ಕನ್ನಡ ಬಲ್ಲ, ಹಕ್ಕಿಯನ್ನೂ ಬಲ್ಲ ಒಬ್ಬ ಹುಡುಗ ಬೇಕು, ಅಷ್ಟೇ. ಹಾಗೆಯೇ ಕರಡಿ ದರೋಜಿಯ ಬೇಲಿ ದಾಟಿ ಹೊಲಕ್ಕೆ ಬಂದು ರೈತನನ್ನು ಗೀರಿ ಹಾಕಿದರೆ, ಅವನ ಪರಿಹಾರದ ಅರ್ಜಿ ಬರೆಯಲೂ ಅದೇ ಹುಡುಗ ಬೇಕು. ಕರಡಿಯನ್ನು ಪ್ರೀತಿಸುವವರು ರೈತನ ಮನೆಗೆ ಹೋಗಿ ಕೂರದಿದ್ದರೆ ಆ ಪ್ರೀತಿಗೆ ಊರಿನಲ್ಲಿ ಬೆಲೆ ಇರುವುದಿಲ್ಲ.

‘ಇದೆಲ್ಲ ಸರಿ, ಕನ್ನಡದ ಹಕ್ಕಿಗೂ ಕಾಡಿನ ಹಕ್ಕಿಗೂ ಏನು ಸಂಬಂಧ?’ ಎನ್ನುವವರಿಗೆ 2020ರ ಒಂದು ಪ್ರಕರಣ ಹೇಳುತ್ತೇನೆ. ನಮ್ಮ ಸಂಘಟನೆಗಳ ಸಭೆಗಳಲ್ಲಿ ಇದರ ಪ್ರಸ್ತಾಪವೇ ಬರುವುದಿಲ್ಲ.

ಗಣಿ, ಅಣೆಕಟ್ಟು, ಕಾರ್ಖಾನೆ ಬರುವ ಮೊದಲು ಪರಿಸರಕ್ಕೆ ಏನು ಹಾನಿ ಎಂದು ಲೆಕ್ಕ ಹಾಕುವ ನಿಯಮಗಳಿವೆ. ಆ ನಿಯಮಗಳನ್ನು ಬದಲಿಸಲು ಕೇಂದ್ರ ಸರ್ಕಾರ 2020ರ ಮಾರ್ಚಿನಲ್ಲಿ ಒಂದು ಕರಡು ಹೊರಡಿಸಿತು. ಜನರ ಅಭಿಪ್ರಾಯ ಕೇಳಿತು. ಯಾವ ಭಾಷೆಯಲ್ಲಿ? ಇಂಗ್ಲಿಷು ಮತ್ತು ಹಿಂದಿಯಲ್ಲಿ. ಸಂಡೂರಿನ ರೈತ, ಅಘನಾಶಿನಿಯ ಬೆಸ್ತ ತನ್ನ ಬದುಕನ್ನೇ ಬದಲಿಸುವ ಕಾಗದವನ್ನು ದೆಹಲಿಯವರ ಭಾಷೆಯಲ್ಲಿ ಓದಿ ಅಭಿಪ್ರಾಯ ಕಳಿಸಬೇಕಿತ್ತು. ದೆಹಲಿ ಹೈಕೋರ್ಟು ಜೂನ್ 30ರಂದು, ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟಿಗೂ ಒಂದು ಅರ್ಜಿ ಬಂತು: ಕನ್ನಡದಲ್ಲಿ ಕೊಡದೆ, ಜನಕ್ಕೆ ಮುಟ್ಟಿಸದೆ ಅಂತಿಮಗೊಳಿಸಬಾರದು ಎಂದು. ಆಗಸ್ಟಿನಲ್ಲಿ ಹೈಕೋರ್ಟು ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಕೊಟ್ಟಿತು.

ಅರ್ಜಿ ಹಾಕಿದವರು ಯಾರು ಗೊತ್ತೇ? ಕನ್ನಡ ಸಂಘಟನೆಯಲ್ಲ. ‘ಯುನೈಟೆಡ್ ಕನ್ಸರ್ವೇಶನ್ ಮೂವ್‌ಮೆಂಟ್’ ಎಂಬ, ಕಾಡು ಉಳಿಸುವವರ ಒಂದು ಟ್ರಸ್ಟು. ಹೆಸರು ಇಂಗ್ಲಿಷಿನದು, ಜಗಳ ಕನ್ನಡದ್ದು! ಹಿಂದಿ ಹೇರಿಕೆ ಎಂದು ನಾವು ರೈಲ್ವೆ ಸ್ಟೇಷನ್ನಿನ ಬೋರ್ಡಿಗೆ ಮಸಿ ಬಳಿಯುತ್ತಿದ್ದಾಗ, ಅದಕ್ಕಿಂತ ನೂರು ಪಾಲು ದೊಡ್ಡ ಹೇರಿಕೆಯನ್ನು ಕಂಡುಹಿಡಿದು ಕೋರ್ಟಿಗೆ ಎಳೆದವರು ಕಾಡಿನ ಗೆಳೆಯರು. ನಮಗೆ ಅದು ಕಾಣಲಿಲ್ಲ, ಏಕೆಂದರೆ ನಮ್ಮವರು ಆ ಬಳಗಗಳಲ್ಲಿ ಇರಲಿಲ್ಲ. ಅವರು ಓದುವ ಕಾಗದ ನಾವು ಓದುತ್ತಿರಲಿಲ್ಲ.

ಸಂಡೂರಿನ ವಿಷಯದಲ್ಲೂ ಹೀಗೇ. ಗಣಿಯ ಸುಗ್ಗಿಯ ಆ ವರ್ಷಗಳಲ್ಲಿ ಹೊಸಪೇಟೆಯ ರಸ್ತೆಗಳು ಕೆಂಪಗಾಗಿದ್ದವು, ಹೊಲದ ಜೋಳದ ತೆನೆ ಕೆಂಪಗಾಗಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದದ್ದು 2011ರ ಜುಲೈಯಲ್ಲಿ. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಷ್ಟರೊಳಗೆ ಎಷ್ಟು ಗುಡ್ಡ ಕರಗಿತು, ಎಷ್ಟು ಕೊಂಡಕುರಿ ದಿಕ್ಕೆಟ್ಟವು ಎಂದು ಲೆಕ್ಕ ಕೊಡುವವರು ಇಲ್ಲ, ಏಕೆಂದರೆ ಮೊದಲು ಎಷ್ಟಿದ್ದವು ಎಂದು ಬರೆದಿಟ್ಟವರೇ ಕಡಿಮೆ. 2024ರಲ್ಲಿ ಮತ್ತೆ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡು ಗಣಿಗೆ ಹೋಗುತ್ತದೆಂಬ ಸುದ್ದಿಗೆ ಗಲಾಟೆಯಾಯಿತು. ರಾಜ್ಯದ ಅರಣ್ಯ ಸಚಿವರು ಜಾಗ ಬಿಟ್ಟುಕೊಡಬೇಡಿ ಎಂದು ಇಲಾಖೆಗೆ ಸೂಚಿಸಿದರು. ಇಂಥ ಹೊತ್ತಿನಲ್ಲಿ ಬೇಕಾಗುವುದು ಕೂಗು ಮಾತ್ರವಲ್ಲ, ಪಟ್ಟಿ. ಯಾವ ಕಣಿವೆಯಲ್ಲಿ ಯಾವ ಪ್ರಾಣಿ, ಯಾವ ತಿಂಗಳು, ಎಷ್ಟು. ‘ಅಲ್ಲಿ ಏನೂ ಇಲ್ಲ, ಕುರುಚಲು’ ಎಂದು ಬರೆಯುವ ಕಂಪನಿಯ ವರದಿಗೆ ಉತ್ತರ ಆ ಪಟ್ಟಿ. ಅದನ್ನು ಭಾನುವಾರ ಭಾನುವಾರ ನಡೆದು ಬರೆಯುವವರು ಬಳಗದವರು. ಅಹವಾಲು ಸಭೆಯಲ್ಲಿ ಅದನ್ನು ಎದ್ದು ನಿಂತು ಕನ್ನಡದಲ್ಲಿ ಓದಲು ಗಟ್ಟಿ ಗಂಟಲು ಬೇಕು. ಗಂಟಲಿಗೆ ನಮ್ಮಲ್ಲೇನೂ ಬರವಿಲ್ಲವಲ್ಲ!

ಹಾಗಾದರೆ ಬೆಂಗಳೂರಿನವರ ಬಳಗಕ್ಕೆ ಬಾಲವಾಗಿ ಸೇರಬೇಕೇ? ಖಂಡಿತ ಬೇಡ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಅಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಅಲ್ಲಿಗೆ ಹೋಗಿ ಕೆಲಸ ಶುರು ಮಾಡಿದಾಗ, ಊರಿನ ಹುಡುಗರೇ ಕೂಡಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. ಪಟ್ಟಣದವರ ತಿಳಿವಳಿಕೆ, ಊರಿನವರ ಕೈ, ಹೆಸರು ಅಪ್ಪಟ ಕನ್ನಡದ್ದು. 2007ರಲ್ಲಿ ಆ ಊರು ಸಮುದಾಯ ಮೀಸಲು ಆಯಿತು. ಅಸ್ಸಾಮಿನಲ್ಲಿ ಹರ್ಗಿಲಾ ಎಂಬ ಬೋಳುತಲೆಯ ದೊಡ್ಡ ಕೊಕ್ಕರೆ ಇದೆ. ಕೊಳಕು ಹಕ್ಕಿ, ಅಪಶಕುನ ಎಂದು ಜನ ಗೂಡಿನ ಮರವನ್ನೇ ಕಡಿಯುತ್ತಿದ್ದರು. ಪೂರ್ಣಿಮಾ ದೇವಿ ಬರ್ಮನ್ ಎಂಬಾಕೆ ಹಳ್ಳಿಯ ಹೆಂಗಸರನ್ನು ಕೂಡಿಸಿ, ತಮ್ಮ ಮಾತಿನಲ್ಲೇ ಹಾಡು ಹಾಡಿ, ಹಕ್ಕಿಗೆ ಸೀಮಂತ ಮಾಡಿ, ಸೀರೆಯ ಅಂಚಿಗೆ ಅದರ ಚಿತ್ರ ನೇಯಿಸಿ ‘ಹರ್ಗಿಲಾ ಸೇನೆ’ ಕಟ್ಟಿದರು. ವಿಶ್ವಸಂಸ್ಥೆ 2022ರಲ್ಲಿ ಆಕೆಗೆ ಪ್ರಶಸ್ತಿ ಕೊಟ್ಟಿತು. ನಾಟಕದ ಊರಾದ ಮರಿಯಮ್ಮನಹಳ್ಳಿಗೆ ಇದು ಆಗದ ಕೆಲಸವೇ? ಕರಡಿಯ ಮೇಲೆ ಒಂದು ನಾಟಕ, ನೀರುನಾಯಿಯ ಮೇಲೆ ಒಂದು ಪದ ಕಟ್ಟಲು ಇಲ್ಲಿಯ ಕಲಾವಿದೆಯರಿಗೆ ಹೇಳಿಕೊಡಬೇಕೇ?

ಅಂಕಸಮುದ್ರದ ಕಥೆಯಲ್ಲೂ ಹತ್ತಿರದ ಹುಡುಗರದೇ ಮೊದಲ ಕೈ. ಹಗರಿಬೊಮ್ಮನಹಳ್ಳಿಯ ‘ಗ್ರೀನ್ ಎಚ್‌ಬಿಎಚ್’ ಎಂಬ ಬಳಗದವರು ಹಕ್ಕಿ ಎಣಿಸಿದರು, ಬೇಟೆಯವರನ್ನು ತಡೆದರು, ಊರವರ ಜೊತೆ ಕೂತು ಮಾತಾಡಿದರು. (ಹೆಸರಿನ ಬಗ್ಗೆ ಜಗಳ ತೆಗೆಯುವ ಆಸೆ ನನಗೂ ಆಯಿತು. ಆದರೆ ಬಳಗ ಕಟ್ಟದೆ ಮನೆಯಲ್ಲಿ ಕೂತವನು ಕಟ್ಟಿದವನ ಬೋರ್ಡು ತಿದ್ದಲು ಹೋಗಬಾರದು. ಸೇರಿ ಕೆಲಸ ಮಾಡಿ, ಆಮೇಲೆ ಹೆಸರಿನ ಮಾತು ತೆಗೆಯಿರಿ.)

ಇನ್ನೊಂದು ವಿಷಯ, ಕಾನೂನಿನದು, ಬೇಗ ಮುಗಿಸುತ್ತೇನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಸೇರಿಸಿದ 36-ಎ, 36-ಬಿ ಎಂಬ ಕಲಮುಗಳಿವೆ. ಅಂಕಸಮುದ್ರ, ನೀರುನಾಯಿಯ ಹೊಳೆ, ಇವೆಲ್ಲ ಸಂರಕ್ಷಣಾ ಮೀಸಲು ಆದದ್ದು ಈ ಕಲಮಿನಡಿ. ಇಂಥ ಪ್ರತಿ ಮೀಸಲಿಗೂ ಸಲಹೆ ಕೊಡಲು ಒಂದು ಸಮಿತಿ ಇರಬೇಕು. ಅದರಲ್ಲಿ ಮೀಸಲು ಯಾರ ವ್ಯಾಪ್ತಿಯಲ್ಲಿದೆಯೋ ಆ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು ಕೂರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಕುರ್ಚಿ ಇದೆ. ಪಂಚಾಯಿತಿ ಸದಸ್ಯ ಇಂಗ್ಲಿಷಿನ ಟಿಪ್ಪಣಿಗೆ ತಲೆಯಾಡಿಸಿ ಎದ್ದು ಬರಬೇಕೋ, ಅಥವಾ ಸಭೆಯ ನಡಾವಳಿ ಕನ್ನಡದಲ್ಲಿ ಬೇಕೆಂದು ಕೇಳುವ ನಾಲ್ಕು ಜನ ಪಕ್ಕದಲ್ಲಿರಬೇಕೋ? ರಾಜ್ಯದ ಆಡಳಿತ ಭಾಷೆ ಕನ್ನಡವೆಂದು 1963ರಿಂದ ಕಾಯ್ದೆ ಇದೆ. ಕಾಡಿನ ನಿರ್ವಹಣೆಯ ಯೋಜನೆ ಆ ಕಾಯ್ದೆಯ ಹೊರಗಿಲ್ಲ. ಬೇಡಿಕೆ ಇಡಬೇಕು: ಯೋಜನೆಯ ಕನ್ನಡ ಪ್ರತಿ ಕೊಡಿ, ಪ್ರತಿ ಧಾಮದ ಹಕ್ಕಿಪಟ್ಟಿ ಸ್ಥಳೀಯ ಹೆಸರಿನೊಂದಿಗೆ ಮುದ್ರಿಸಿ, ಮಾರ್ಗದರ್ಶಿ ಕೆಲಸಕ್ಕೆ ಊರಿನ ಹುಡುಗರಿಗೆ ತರಬೇತಿ ಕೊಡಿ. ದಾಂಡಿಗರ ಹಾಗೆ ಕಚೇರಿಗೆ ನುಗ್ಗಿ ಕೇಳುವುದಕ್ಕಿಂತ, ಮೂರು ವರ್ಷ ಹಕ್ಕಿ ಎಣಿಸಿದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋಗಿ ಕೇಳಿದರೆ ಅಧಿಕಾರಿ ಎದ್ದು ಕುರ್ಚಿ ಕೊಡುತ್ತಾನೆ.

ಬಳಗಕ್ಕೆ ಸೇರುವವರಿಗೆ ಒಂದಿಷ್ಟು ಮಾತು. ಅಲ್ಲಿ ಘೋಷಣೆ ಕೂಗಬೇಡಿ, ಹಾರನ್ ಹೊಡೆಯಬೇಡಿ. ಮೊಟ್ಟೆಯ ಮೇಲೆ ಕೂತ ಹಕ್ಕಿ ಒಮ್ಮೆ ಬೆದರಿ ಎದ್ದರೆ ಕಾಗೆಗೆ ಹಬ್ಬ. ಬಾವುಟದ ಬಣ್ಣ ಊರಿಗೆ ಚೆಂದ, ಕೆರೆಗೆ ಮಣ್ಣಿನ ಬಣ್ಣದ ಅಂಗಿಯೇ ಸರಿ. ದುರ್ಬೀನು ಕೊಳ್ಳಲು ಸಾಲ ಮಾಡಬೇಡಿ, ಮೊದಲ ಆರು ತಿಂಗಳು ಬೇರೆಯವರದು ಸಾಕು. ಇಂಗ್ಲಿಷ್ ಹೆಸರನ್ನೂ ಕಲಿಯಿರಿ, ಲ್ಯಾಟಿನ್ ಹೆಸರನ್ನೂ ಕಲಿಯಿರಿ. ಅದು ಕನ್ನಡಕ್ಕೆ ದ್ರೋಹವಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಕನ್ನಡದ್ದಿರಲಿ, ಅಷ್ಟೇ. ಜೊತೆಯಲ್ಲಿರುವ ತಮಿಳರೋ ಬಂಗಾಳಿಗಳೋ ‘ಅದೇನು ಹೆಸರು?’ ಎಂದು ಕೇಳಿದರೆ ಸಿಡುಕಬೇಡಿ, ಹೇಳಿಕೊಡಿ. ಕನ್ನಡ ಕಲಿಯಲು ಬಾರದವರಿಗೆ ‘ಕನ್ನಡ ಗೊತ್ತಿಲ್ಲ’ ಎನ್ನುವ ಪಾಠ ಕಲಿಸುವ ನಗರದಲ್ಲಿ, ‘ಗುಳುಮುಳುಕ’ ಎಂಬ ಒಂದು ಪದವನ್ನು ನಗುತ್ತ ಕಲಿತವರು ಎರಡನೇ ಪದಕ್ಕೆ ತಾವೇ ಬರುತ್ತಾರೆ.

ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ, ರಾಜ್ಯೋತ್ಸವಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು. ಈ ಸಲ ರಾಜ್ಯೋತ್ಸವದ ಚಂದಾ ಎತ್ತುವ ಸಂಘದವರು ಅದರಲ್ಲಿ ಎರಡು ದುರ್ಬೀನು, ಒಂದು ‘ಕನ್ನಡ ನಾಡಿನ ಹಕ್ಕಿಗಳು’ ಕೊಂಡು ಊರ ಶಾಲೆಗೆ ಕೊಡಲಿ. ಆರ್ಕೆಸ್ಟ್ರಾದ ಖರ್ಚಿನಲ್ಲಿ ಅದೊಂದು ಮೂಲೆಗೂ ಬರುವುದಿಲ್ಲ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರಹಕ್ಕಿಗಳ ಗಣತಿ ನಡೆಯುತ್ತದೆ, ನಮ್ಮ ಕೆರೆಗಳಲ್ಲೂ. ಎಣಿಸಲು ಜನ ಬೇಕೇ ಬೇಕು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ನಿಲ್ದಾಣದಲ್ಲಿ ಮಿರ್ಚಿ ಮಂಡಕ್ಕಿ ತಿಂದು, ಮರಿಯಮ್ಮನಹಳ್ಳಿಯ ಮೇಲೆ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸು ಹಿಡಿಯಿರಿ, ಅಲ್ಲಿಂದ ಅಂಕಸಮುದ್ರಕ್ಕೆ ಆಟೋ. ದಂಡೆಯ ಮೇಲೆ ಎಮ್ಮೆ ಮೇಯಿಸುವ ಯಜಮಾನರು ಇದ್ದರೆ ಮೊದಲು ಅವರಿಗೆ ನಮಸ್ಕಾರ ಹೇಳಿ, ದುರ್ಬೀನನ್ನು ಅವರ ಕೈಗೆ ಕೊಡಿ. ಅವರು ನೋಡಿ ಮುಗಿಸಿದ ಮೇಲೆ, ಕೈಯಲ್ಲಿ ಪೆನ್ನು ಹಿಡಿದು, ‘ಯಜಮಾನ್ರೇ, ಇದಕ್ಕೆ ನಿಮ್ಮೂರಾಗ ಏನಂತೀರಿ?’ ಎಂದು ಕೇಳಿ.